ಕ್ರಿಸ್ಮಸ್ ತಾತನ ಸಾರಥಿ

ವರ್ನ್ ಟ್ರೆಜೈಸ್ ಎಂಬ ಹೆಸರನ್ನು ನಾನು ಮೊದಲು ಕೇಳಿದ್ದು ನನ್ನ ಗಂಡ ಕೊರಾಡೊ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಾಗ. ಅಂದು ದಂಡೆಯಲ್ಲಿ ದೋಣಿ ಕಟ್ಟಿ, ಮೀನು ಇಳಿಸಿ ಬಂದವನು ಬೂಟು ಕೂಡ ಬಿಚ್ಚದೆ ಅಡುಗೆಮನೆ ಬಾಗಿಲಲ್ಲೇ ನಿಂತಿದ್ದ.

"ಲೇ ನುಂಜಿಯಾ, ರೈಲ್ವೆ ಯಾರ್ಡಲ್ಲಿ ಡಬ್ಬಿ ಜೋಡಿಸ್ತಾನಲ್ಲ, ವರ್ನ್ ಟ್ರೆಜೈಸ್ ಅಂತ, ಅವನು ಅಡಿಲೇಡಿಗೆ ಹೋಗಿ ಕಾರು ತಂದಿದಾನೆ ಕಣೇ. ಮೇಲೆ ಚಾವಣಿ ಇಲ್ಲ, ಹಿಂದೆ ಸೀಟಿಲ್ಲ."

"ಅರ್ಧ ಕಾರು ಯಾಕೆ ತಂದ? ದುಡ್ಡು ಸಾಲಲಿಲ್ವಾ?"

"ಸ್ಪೋರ್ಟ್ಸ್ ಕಾರಂತೆ! ಇಂಗ್ಲೆಂಡಿಂದು. ಅಲ್ಲಿ ಬಿಸಿಲೇ ಬರಲ್ಲ, ಅದಕ್ಕೆ ಬಿಸಿಲು ಹಿಡಿಯೋಕೆ ಅಂತ ಮಾಡಿರೋ ಕಾರು. ಅದನ್ನ ತಂದು ಈ ಬಾಣಲೆಯಲ್ಲಿ ಓಡಿಸ್ತಾನಂತೆ."

ಬಾಣಲೆ ಎಂದರೆ ನಮ್ಮ ಊರು. ಒಂದು ಕಡೆ ಕೊಲ್ಲಿ, ಇನ್ನೊಂದು ಕಡೆ ಮರುಭೂಮಿಯಿಂದ ಬೀಸುವ ಗಾಳಿ. ಇಲ್ಲಿ ಕಡಲಹಕ್ಕಿಗಳೂ ಬೇಸಿಗೆಯಲ್ಲಿ ರೈಲು ಡಬ್ಬಿಗಳ ಕೆಳಗೆ ಕೂತು ಬಾಯಿ ಕಳೆಯುತ್ತವೆ.

ಸ್ವಲ್ಪ ಕಾಲದ ಮೇಲೆ ನಮ್ಮ ಪಕ್ಕದ ಮನೆ ಖಾಲಿಯಾಗಿ, ಅದಕ್ಕೆ ವರ್ನ್ ತನ್ನ ತಾಯಿಯನ್ನೂ ಆ ಹಸಿರು ಕಾರನ್ನೂ ಕರೆದುಕೊಂಡು ಬಂದ. ಎತ್ತರದ ಆಳು. ಬೇಲಿಯ ಮೇಲೆ ಮೊದಲು ಟೋಪಿ ಕಾಣುತ್ತಿತ್ತು, ಆಮೇಲೆ ಮೂಗು. ಮದುವೆಯಾಗಲಿಲ್ಲ. ತಾಯಿಗೆ ಕಿವಿ ಕೇಳುತ್ತಿರಲಿಲ್ಲ; ಭಾನುವಾರ ಆಕೆಯ ತಲೆಗೆ ಸ್ಕಾರ್ಫ್ ಬಿಗಿದು, ಕಾರಿನಲ್ಲಿ ಕೂರಿಸಿಕೊಂಡು ಸಮುದ್ರದ ದಂಡೆವರೆಗೆ ಹೋಗಿ ಬರುತ್ತಿದ್ದ. ಹೋಗುವಾಗಲೂ ಬರುವಾಗಲೂ ಆಕೆ ಬೈಯುತ್ತಿದ್ದದ್ದು ಬೀದಿಗೆಲ್ಲ ಕೇಳಿಸುತ್ತಿತ್ತು. ತಾಯಿ ಹೋದ ಮೇಲೆ ಒಬ್ಬನೇ ಹೋಗಿ ಬರುತ್ತಿದ್ದ.

ನನ್ನ ಕೊರಾಡೊ ತೀರಿಕೊಂಡ ವಾರದಲ್ಲೇ ನಮ್ಮ ಮನೆಯ ಕಸದ ಡಬ್ಬಿಯನ್ನು ರಸ್ತೆಗೆ ತಳ್ಳುವ ಕೆಲಸವನ್ನು ವರ್ನ್ ವಹಿಸಿಕೊಂಡ. ನನ್ನನ್ನು ಕೇಳಲಿಲ್ಲ, ನನಗೆ ಹೇಳಲೂ ಇಲ್ಲ. ನಾನು ಒಂದು ತಟ್ಟೆ ಊಟ ಬೇಲಿಯ ಮೇಲೆ ಇಡುತ್ತಿದ್ದೆ. "ಬೆಳ್ಳುಳ್ಳಿ ಜಾಸ್ತಿ ಆಯ್ತು" ಎಂದು ಪ್ರತಿ ಸಲವೂ ದೂರುತ್ತಿದ್ದ. ತಟ್ಟೆ ಮಾತ್ರ ತೊಳೆದ ಹಾಗೆ ವಾಪಸ್ ಬರುತ್ತಿತ್ತು.

ಇನ್ನು ಮೆರವಣಿಗೆಯ ವಿಷಯ. ಡಿಸೆಂಬರ್ ಎಂದರೆ ನಮ್ಮಲ್ಲಿ ಬೇಸಿಗೆ; ಅದರ ಮೊದಲ ಶನಿವಾರ ಊರಿನ ದೊಡ್ಡ ಬೀದಿಯಲ್ಲಿ ಕ್ರಿಸ್ಮಸ್ ಮೆರವಣಿಗೆ. ಮುಂದೆ ಶಾಲೆ ಮಕ್ಕಳು, ಆಮೇಲೆ ಲಾರಿಗಳ ಮೇಲೆ ಕಟ್ಟಿದ ಬೊಂಬೆಗಳು, ಬೆಂಕಿ ನಂದಿಸುವವರ ಗಾಡಿ, ಬ್ಯಾಗ್‌ಪೈಪಿನ ಚೀಲ ಊದಿ ನುಡಿಸುವ ಮುದುಕರ ಬ್ಯಾಂಡು. ಎಲ್ಲರ ಹಿಂದೆ ವರ್ನನ ಹಸಿರು ಕಾರು, ಅದರ ಮೇಲೆ ಕ್ರಿಸ್ಮಸ್ ತಾತ. ತಾತ ಎಂದರೆ ಮಾಂಸದಂಗಡಿಯ ಕ್ಲ್ಯಾರಿ ನೋಸ್ಕೆ. ಅವನ ಹೊಟ್ಟೆಗೆ ದಿಂಬು ಕಟ್ಟುವ ಅಗತ್ಯ ಇರಲಿಲ್ಲ. ಹಿಂದಕ್ಕೆ ಮಡಿಸಿಟ್ಟ ಬಟ್ಟೆಯ ಚಾವಣಿಯ ಮೇಲೆ ಕೂತು, ಕಾಲನ್ನು ಸೀಟಿನ ಮೇಲಿಟ್ಟು, ಎರಡೂ ಕಡೆ ಮಿಠಾಯಿ ಎರಚುತ್ತಿದ್ದ.

ಬ್ಯಾಂಡಿನ ಮುದುಕರು ಹೆಜ್ಜೆಗೊಮ್ಮೆ ಉಸಿರು ತೆಗೆದುಕೊಳ್ಳುವವರು. ಅವರ ಹಿಂದೆ ಕಾರು ತೆವಳಬೇಕು. ವರ್ನನ ಕಾರಿಗೆ ತೆವಳುವುದೆಂದರೆ ಆಗದು. ತೆರೆದ ರಸ್ತೆಯಲ್ಲಿ ಎಷ್ಟು ದೂರ ಬೇಕಾದರೂ ಓಡುತ್ತಿತ್ತು. ತೆವಳಿದರೆ ಎದುರಿನ ಗಾಳಿ ಇಲ್ಲ, ಅದರ ಹಳೆಯ ಫ್ಯಾನು ಎಂಜಿನ್ನಿಗೇ ಕಟ್ಟಿದ್ದು, ಎಂಜಿನ್ ನಿಧಾನವಾದರೆ ಅದೂ ನಿಧಾನ. ನೀರು ಕಾಯುತ್ತಿತ್ತು. ಅದಕ್ಕೆ ವರ್ನ್ ಒಂದು ಉಪಾಯ ಮಾಡಿಕೊಂಡಿದ್ದ. ಚಳಿಗಾಲದಲ್ಲಿ ಕಾಲು ಬೆಚ್ಚಗಾಗಲೆಂದು ಇರುವ ಹೀಟರನ್ನು ಪೂರ್ತಿ ತಿರುಗಿಸಿಬಿಡುತ್ತಿದ್ದ. ಎಂಜಿನ್ನಿನ ಕಾವೆಲ್ಲ ಕಾರಿನೊಳಗೆ ಇಳಿಯುತ್ತಿತ್ತು, ಅಲ್ಲಿಂದ ಏರಿ ಕ್ಲ್ಯಾರಿಯ ಉಣ್ಣೆ ನಿಲುವಂಗಿಯೊಳಗೆ ಹೋಗುತ್ತಿತ್ತು.

"ಲೋ ವರ್ನ್, ನಾನು ಬೆಂದ್ರೆ ಕೆ.ಜಿ.ಗೆ ಎಷ್ಟಕ್ಕೆ ಮಾರ್ತೀಯೋ?" ಎಂದು ಅವನು ಮಿಠಾಯಿ ಎರಚುತ್ತಲೇ ಹಲ್ಲು ಕಚ್ಚಿ ಕೇಳುತ್ತಿದ್ದ.

"ಕೊಬ್ಬು ಜಾಸ್ತಿ. ನಾಯಿಗೆ ಹಾಕ್ಬೇಕು ಅಷ್ಟೆ. ಕೈ ಬೀಸು."

ಹೀಗೇ ವರ್ಷಗಳು ನಡೆದವು. ಒಂದು ವರ್ಷ ಮಾತ್ರ ಅಂಚೆ ಕಚೇರಿಯ ಮುಂದೆ ಕಾರು ಕುದ್ದೇ ಬಿಟ್ಟಿತು. ಬಾನೆಟ್ಟಿನ ಸಂದಿಯಿಂದ ಹಬೆ ಎದ್ದು ತಾತ ಕಾಣಿಸದಂತಾದ. "ತಾತ ಸುಟ್ಟುಹೋದ!" ಎಂದು ಒಂದು ಮಗು ಕಿರುಚಿತು, ಉಳಿದ ಮಕ್ಕಳೆಲ್ಲ ದನಿ ಕೂಡಿಸಿದರು. ಬೆಂಕಿ ನಂದಿಸುವವರು ಮುಂದಿನಿಂದ ಓಡಿ ಬಂದರು. ಕ್ಲ್ಯಾರಿಯನ್ನು ತಮ್ಮ ಗಾಡಿಗೆ ಹತ್ತಿಸಿಕೊಂಡರು. ಮೆರವಣಿಗೆ ಮುಂದೆ ಹೋಯಿತು, ಜನರೂ ಅದರ ಹಿಂದೆ ಹೋದರು. ವರ್ನ್ ಆ ಬೀದಿಯ ನಡುವೆ ಕಾರಿನ ಪಕ್ಕ ನಿಂತೇ ಇದ್ದ. ರೇಡಿಯೇಟರಿನ ಹಸಿರು ನೀರು ಅವನ ಬೂಟಿನ ಸುತ್ತ ಹರಿದು ಮಿಠಾಯಿಗಳನ್ನು ತೇಲಿಸಿಕೊಂಡು ಹೋಗುತ್ತಿತ್ತು.

ಮೆರವಣಿಗೆ ಸಮಿತಿಯ ಯಜಮಾನಿಕೆ ಗ್ಲೆನಿಸ್ ಹಾಕಿಂಗ್ ಎಂಬಾಕೆಯದು. ಪುರಸಭೆಯ ಕಚೇರಿಯಲ್ಲಿ ಕೆಲಸ. ಮಾತಿನಲ್ಲಿ ಮರ್ಯಾದೆ ತುಂಬಾ ಇಟ್ಟುಕೊಂಡಿದ್ದಳು, ಅದರೊಳಗಿಂದಲೇ ಚುಚ್ಚುತ್ತಿದ್ದಳು. ಹೊಸ ವರ್ಷ ಕಳೆದು ವರ್ನನ ಗೇಟಿಗೆ ಬಂದಳು.

"ಮುಂದಿನ ಸಲ ನಮ್ಮ ಯಜಮಾನರ ಪಿಕಪ್ ತರ್ತೀವಿ, ವರ್ನ್. ಹೊಸದು. ಎ.ಸಿ. ಇದೆ. ನೀವೂ ಆರಾಮಾಗಿ ನೆರಳಲ್ಲಿ ಕೂತು ನೋಡಬಹುದು."

"ಕ್ಲ್ಯಾರಿ ಪಿಕಪ್ಪಿನ ಹಿಂದೆ ನಿಲ್ತಾನೆ. ಎ.ಸಿ. ನಿಮ್ಮ ಯಜಮಾನರಿಗೆ ತಾನೆ?"

"ಕುದಿಯಲ್ಲ ಅಲ್ವಾ, ಅಷ್ಟು ಸಾಕು."

"ನಂದೂ ಕುದಿಯಲ್ಲ. ಹೊಸ ರೇಡಿಯೇಟರ್ ಹಾಕಿಸ್ತೀನಿ. ಕರೆಂಟ್ ಫ್ಯಾನ್ ಹಾಕ್ತೀನಿ, ಎಂಜಿನ್ ತೆವಳಿದ್ರೂ ಅದು ಜೋರಾಗೇ ತಿರುಗುತ್ತೆ. ಒಂದು ಸಲ ನೋಡಿ ಗ್ಲೆನಿಸ್."

ಅವಳು ಬಿಸಿಲಿಗೆ ಕಣ್ಣು ಕಿರಿದು ಮಾಡಿದಳು. "ಒಂದೇ ಸಲ" ಎಂದು ಹೋದಳು.

ರೇಡಿಯೇಟರು, ಫ್ಯಾನು ಇದ್ದ ಪೆಟ್ಟಿಗೆ ಅಡಿಲೇಡಿನಿಂದ ಬರುವಷ್ಟರಲ್ಲಿ ಅಕ್ಟೋಬರ್ ಆಗಿತ್ತು. ವರ್ನನ ಹಿತ್ತಲೆಲ್ಲ ಮರಳು. ನಮ್ಮ ಮನೆಯ ಪಕ್ಕದಲ್ಲಿ ಕೊರಾಡೊ ದೋಣಿ ನಿಲ್ಲಿಸಲು ಸಿಮೆಂಟ್ ಹಾಕಿ ತಗಡಿನ ಚಪ್ಪರ ಕಟ್ಟಿದ್ದ. ಕಾರು ಅಲ್ಲಿಗೆ ಬಂತು. ಅಂದಿನಿಂದ ನನ್ನ ನೆಮ್ಮದಿ ಹೋಯಿತು.

ರೇಡಿಯೇಟರ್ ಅಲ್ಯೂಮಿನಿಯಂದು, ಹೊಸ ಪಾತ್ರೆಯ ಹಾಗೆ ಫಳಫಳ ಹೊಳೆಯುತ್ತಿತ್ತು. ಹಳೆಯದಕ್ಕಿಂತ ದಪ್ಪ, ಜಾಸ್ತಿ ನೀರು ಹಿಡಿಯುವಂಥದು. "ಇದೇ ಕಾರಿಗೆ ಅಂತ ಮಾಡಿರೋದು, ನಾಲ್ಕು ಬೋಲ್ಟು, ಮುಗೀತು" ಎಂದ ವರ್ನ್. "ಆಗತ್ತೆ ಬಿಡು" ಎಂಬುದು ಅವನ ಬಾಯಲ್ಲಿ ಸದಾ ಇರುವ ಮಾತು. ನಾಲ್ಕರಲ್ಲಿ ಎರಡು ಬೋಲ್ಟಿಗೆ ತೂತೇ ಹೊಂದಲಿಲ್ಲ. ತೂತು ಕೊರೆದ. ಕೊಳವೆಯ ಬಾಯಿ ಬಲಕ್ಕಿರಬೇಕಾದದ್ದು ಎಡಕ್ಕಿತ್ತು. ರಬ್ಬರ್ ಕೊಳವೆ ಬಗ್ಗಿಸಲು ನನ್ನ ಕೂದಲು ಒಣಗಿಸುವ ಯಂತ್ರ ಕೇಳಿ ಒಯ್ದ. ಅದು ಸುಟ್ಟ ರಬ್ಬರಿನ ವಾಸನೆ ಹೊತ್ತುಕೊಂಡು ಬಂತು. ಎಲ್ಲ ಕೂರಿಸಿ ಬಾನೆಟ್ ಇಳಿಸಿದರೆ ಬಾನೆಟ್ ಮುಚ್ಚಲಿಲ್ಲ. ಮತ್ತೆ ಬಿಚ್ಚಿ, ತಳದ ಕಬ್ಬಿಣ ಉಜ್ಜಿ, ಮತ್ತೆ ಕೂರಿಸಿದ.

"ನುಂಜಿಯಾ, ನೀರು ಹಿಡಿಯೋಕೆ ಒಂದು ಬೋಗುಣಿ ಕೊಡು."

"ಬಟ್ಟೆ ನೆನೆಸೋ ಬೋಗುಣಿ ಅದು!"

"ತೊಳ್ದು ಕೊಡ್ತೀನಿ ಮಾರಾಯ್ತಿ."

ಎಂಜಿನ್ನಿಗೆ ನೀರು ಬಿಡುವ ಒಂದು ಚಿಕ್ಕ ಬಾಗಿಲಿದೆಯಂತೆ, ಬಿಸಿಯಾದರೆ ತೆರೆಯುವಂಥದು. ಅದು ತೆರೆಯುತ್ತದೋ ಇಲ್ಲವೋ ನೋಡಲು ನನ್ನ ಮೀನು ಬೇಯಿಸುವ ಪಾತ್ರೆಯಲ್ಲಿ, ನನ್ನ ಒಲೆಯ ಮೇಲೆ ಅದನ್ನು ಕುದಿಸಿದ. ಅದೇನೋ ಸರಿಯಾಗಿ ತೆರೆಯಿತು. ನಾನು ಆ ಪಾತ್ರೆಯನ್ನು ಅವನಿಗೇ ಕೊಟ್ಟುಬಿಟ್ಟೆ.

ಕೊನೆಗೆ ಹಳೆಯ ಫ್ಯಾನು ಹೋಗಿ ಕರೆಂಟ್ ಫ್ಯಾನು ರೇಡಿಯೇಟರಿನ ಹಿಂದೆ ಕೂತು, ಎಂಜಿನ್ ಶುರುವಾಯಿತು. ಮರುಭೂಮಿಯ ಕಡೆಯಿಂದ ಉತ್ತರದ ಬಿಸಿ ಗಾಳಿ ಬೀಸುವ ದಿನವನ್ನೇ ಕಾದು ಪರೀಕ್ಷೆ ಇಟ್ಟ. ನನ್ನನ್ನು ಕಾರಿನೊಳಗೆ ಕೂರಿಸಿ, ಬಿಸಿ ತೋರಿಸುವ ಮುಳ್ಳು ನೋಡುತ್ತಿರು ಎಂದ. ತಾನು ಬಾನೆಟ್ಟಿನೊಳಗೆ ತಲೆ ಹಾಕಿದ.

"ಎಲ್ಲಿದೆ?"

"ಮಧ್ಯ."

"ಈಗ?"

"ಮಧ್ಯ ದಾಟಿದೆ."

"ಎಷ್ಟು ದಾಟಿದೆ?"

"ನನ್ನ ಉಗುರಿನಷ್ಟು."

"ಯಾವ ಬೆರಳಿನ ಉಗುರು? ಸರಿಯಾಗಿ ಹೇಳು!"

"ಹೆಬ್ಬೆರಳು ಕಣೋ! ಆಫ್ ಮಾಡ್ಲಾ?"

"ಬೇಡ, ಫ್ಯಾನ್ ತಿರುಗ್ತಿದೆ, ಇಳಿಯತ್ತೆ. ಇಳೀತಾ?"

ಇಳಿಯಲಿಲ್ಲ. ನೀರು ಉಕ್ಕಿ ಕೊರಾಡೊನ ಸಿಮೆಂಟಿನ ಮೇಲೆ ಹರಿಯಿತು. ಹಳೆಯ ರೇಡಿಯೇಟರ್ ಕುದಿಯಲು ಅಂಚೆ ಕಚೇರಿಯವರೆಗೆ ಹೋಗಬೇಕಿತ್ತು; ಹೊಸದು ನಿಂತಲ್ಲೇ ಕುದಿಯಿತು. ಫ್ಯಾನು ಮಾತ್ರ ವಿಮಾನದ ಹಾಗೆ ಕಿರುಚುತ್ತಲೇ ಇತ್ತು.

ಆಮೇಲೆ ವರ್ನ್ ನೀರಿನ ಪಂಪು ಬದಲಿಸಿದ. ರೇಡಿಯೇಟರಿನ ಮುಚ್ಚಳ ಬದಲಿಸಿದ. ಕೊಳವೆಯೊಳಗೆ ಗಾಳಿ ಸಿಕ್ಕಿಕೊಂಡಿದೆ ಎಂದು ಯಾರೋ ಹೇಳಿದರೆಂದು ಕಾರಿನ ಮೂಗನ್ನು ಇಟ್ಟಿಗೆಗಳ ಮೇಲೆ ಎತ್ತಿ ನೀರು ತುಂಬಿದ. ಬೇಲಿಯಾಚೆ ಹೋಗುವ ಗಂಡಸರದೆಲ್ಲ ಒಂದೊಂದು ಸಲಹೆ. ಒಬ್ಬ ಎಣ್ಣೆ ಎಂದ, ಒಬ್ಬ ಎಂಜಿನ್ನಿನ ಕಿಡಿ ಹೊತ್ತಿಗೆ ಸರಿಯಾಗಿ ಹಾರುತ್ತಿಲ್ಲ ಎಂದ, ಒಬ್ಬ ಪಾದ್ರಿಯನ್ನು ಕರೆಸು ಎಂದ. ಪ್ರತಿ ಸಲವೂ ನಾನು ಒಳಗೆ ಕೂತು ಮುಳ್ಳು ನೋಡುತ್ತಿದ್ದೆ, ಪ್ರತಿ ಸಲವೂ ಮುಳ್ಳು ಏರುತ್ತಿತ್ತು. ಸೀಟಿನ ಚರ್ಮ ತೊಡೆ ಸುಡುತ್ತಿತ್ತು. ನವೆಂಬರ್ ಮುಗಿಯುತ್ತ ಬಂದಾಗ ನನಗೂ ತಾಳ್ಮೆ ತಪ್ಪಿತು.

"ಮಾರಿಬಿಡು ವರ್ನ್ ಇದನ್ನ. ಪಿಕಪ್ಪಲ್ಲಿ ಬರ್ಲಿ ತಾತ. ಮಕ್ಕಳಿಗೆ ಮಿಠಾಯಿ ಸಿಕ್ಕಿದ್ರೆ ಆಯ್ತು."

ಅವನು ಬಕೆಟ್ ಬೋರಲು ಹಾಕಿ ಅದರ ಮೇಲೆ ಕೂತಿದ್ದ. ಮೊಣಕೈವರೆಗೆ ಮಸಿ. "ವರ್ಷಕ್ಕೊಂದು ದಿನ ಆ ಮಕ್ಕಳೆಲ್ಲ ನನ್ನ ಕಡೆ ಓಡ್ಬರ್ತಾವೆ ನುಂಜಿಯಾ. ನನ್ನ ನೋಡೋಕಲ್ಲ, ಗೊತ್ತು ನಂಗೆ. ಆದ್ರೂ ಈ ಕಡೆಗೇ ತಾನೆ ಓಡ್ಬರೋದು?"

ಅವನು ಕೆಲವು ದಿನ ನನ್ನ ಜೊತೆ ಮಾತಾಡಲಿಲ್ಲ. ಕಸದ ಡಬ್ಬಿ ಮಾತ್ರ ರಸ್ತೆಗೆ ಹೋಗುತ್ತಿತ್ತು.

ಮೆರವಣಿಗೆಯ ದಿನ ಬೆಳಗಿನಿಂದಲೇ ಉರಿ. ಫುಟ್‌ಬಾಲ್ ಮೈದಾನದಲ್ಲಿ ಎಲ್ಲರೂ ಸಾಲುಗಟ್ಟಿದ್ದರು. ವರ್ನ್ ನೀರಿನ ಕ್ಯಾನುಗಳನ್ನು ನನ್ನ ಕಾಲಡಿಗೆ ಇಟ್ಟಿದ್ದ. ತಾತನ ಹೆಂಡತಿಯ ವೇಷ ಹಾಕಿಸಿ ನನ್ನನ್ನೂ ಕಾರಿನಲ್ಲಿ ಕೂರಿಸಿದ್ದ, ಕುದ್ದರೆ ನೀರು ಕೊಡಲು ಒಬ್ಬರು ಬೇಕಲ್ಲ. ತಾತನ ಕಾಲಿಗೆ ನಮ್ಮಿಬ್ಬರ ಸೀಟಿನ ನಡುವಿನ ಸಂದಿಯೇ ಗತಿ. ಹೊರಡುವ ಮೊದಲೇ ಫ್ಯಾನು ಕಿರುಚತೊಡಗಿತು. ಗ್ಲೆನಿಸಳ ಗಂಡ ಸ್ವಲ್ಪ ದೂರದಲ್ಲಿ ಪಿಕಪ್ ತೊಳೆದು ನಿಲ್ಲಿಸಿಕೊಂಡಿದ್ದ.

ಕ್ಲ್ಯಾರಿ ಪೂರ್ತಿ ವೇಷದಲ್ಲಿ ಬಂದವನು ಕಾರಿನ ಮುಂದೆ ಬಗ್ಗಿ ನೋಡಿದ. ಅವನ ಬಿಳಿ ಗಡ್ಡ ಹಾರಿ ಅವನ ಕಣ್ಣು ಮೂಗು ಎಲ್ಲ ಮುಚ್ಚಿತು.

"ಥೂ! ನಿನ್ನ ಕಾರು ನನ್ನ ಮುಖಕ್ಕೆ ಉಫ್ ಅಂತಿದೆ ಕಣೋ."

ವರ್ನ್ ನಕ್ಕ. ಮರುಗಳಿಗೆ ನಗು ನಿಂತಿತು. "ಇನ್ನೊಂದು ಸಲ ಬಗ್ಗು" ಎಂದ.

ಕ್ಲ್ಯಾರಿ ಬಗ್ಗಿದ. ಗಡ್ಡ ಮತ್ತೆ ಮೇಲೆ ಹಾರಿತು.

ಫ್ಯಾನು ಮುಂದಿನಿಂದ ಗಾಳಿ ಒಳಗೆ ಎಳೆಯಬೇಕು. ಇದು ಎಂಜಿನ್ನಿನ ಬಿಸಿ ಗಾಳಿಯನ್ನೇ ರೇಡಿಯೇಟರಿಗೆ ಬಡಿದು ಹೊರಗೆ ತಳ್ಳುತ್ತಿತ್ತು. ಅಷ್ಟು ದಿನವೂ ಉಲ್ಟಾ ತಿರುಗುತ್ತಿತ್ತು.

ಕಾರಣ ವರ್ನನಿಗೆ ಅಲ್ಲಿಯೇ ಹೊಳೆಯಿತು. ಬೇರೆ ಕಾರುಗಳಲ್ಲಿ ಬ್ಯಾಟರಿಯ ಮೈನಸ್ ತುದಿಯನ್ನು ಕಾರಿನ ಮೈಗೆ ಕಟ್ಟಿರುತ್ತಾರೆ. ಆ ಕಾಲದ ಇಂಗ್ಲಿಷ್ ಕಾರಿನಲ್ಲಿ ಕಟ್ಟಿರುವುದು ಪ್ಲಸ್ ತುದಿ. ಅದಕ್ಕೇ ಆ ಕಾರಿಗೆ ಒಂದು ರೇಡಿಯೋ ಹಾಕಿಸಲೂ ಅವನಿಗೆ ಆಗಿರಲಿಲ್ಲ. ಯಾರಾದರೂ ಬ್ಯಾಟರಿಯ ಹತ್ತಿರ ಕೈ ತಂದರೆ "ಮುಟ್ಬೇಡ, ನಂದು ಉಲ್ಟಾ" ಎಂದು ಗದರುತ್ತಿದ್ದವನು ಅವನೇ. ಹೊಸ ಫ್ಯಾನಿನ ಕೆಂಪು ವೈರನ್ನು ಮಾತ್ರ, ಇಂದಿನ ಕಾರಿಗೆ ಹಾಕುವ ಹಾಗೆ, ಕರೆಂಟು ಬರುವ ವೈರಿಗೆ ಸೇರಿಸಿದ್ದ; ಇಲ್ಲಿ ಅದು ಮೈನಸ್, ಅದಕ್ಕೇ ಫ್ಯಾನೂ ಉಲ್ಟಾ.

"ಕತ್ತೆ" ಎಂದ ವರ್ನ್. ತನಗೇ ಅಂದುಕೊಂಡದ್ದು.

"ಕತ್ತೆ ಆದ್ರೆ ಆರಾಮಾಗಿ ಹೋಗ್ತಿದ್ದೆ ನಾನು, ಅದು ಕುದಿಯಲ್ಲ" ಎಂದ ಕ್ಲ್ಯಾರಿ.

ಬ್ಯಾಂಡು ಚೀಲ ಊದಲು ಶುರುಮಾಡಿತ್ತು. ವರ್ನ್ ಎಂಜಿನ್ ನಿಲ್ಲಿಸಿ, ಇಕ್ಕಳದಲ್ಲಿ ಎರಡು ವೈರು ಕತ್ತರಿಸಿ, ಅದಲು ಬದಲು ಮಾಡಿ ಹೆಣೆದು, ಟೇಪು ಸುತ್ತಿದ. ಮತ್ತೆ ಶುರುಮಾಡಿದಾಗ ಕ್ಲ್ಯಾರಿ ಗಡ್ಡ ಮುಂದೆ ಹಿಡಿದ. ಗಡ್ಡ ಜಾಲರಿಗೆ ಅಂಟಿಕೊಂಡಿತು, ಬಿಡಿಸಿಕೊಳ್ಳಲು ಎಳೆಯಬೇಕಾಯಿತು. ವರ್ನನ ಮುಖ ನೋಡಬೇಕಿತ್ತು ಆಗ.

ನಾವು ಮೈದಾನದ ಗೇಟು ದಾಟಿದೆವು. ದೊಡ್ಡ ಬೀದಿಗೆ ತಿರುಗುವ ಹೊತ್ತಿಗೆ ಸಮುದ್ರದ ಕಡೆಯಿಂದ ದಕ್ಷಿಣದ ತಣ್ಣನೆ ಗಾಳಿ ಬಂತು. ನಮ್ಮಲ್ಲಿ ಅದು ಹಾಗೆಯೇ, ಹೇಳದೆ ಕೇಳದೆ ಬಾಗಿಲು ತಳ್ಳಿಕೊಂಡು ಬರುತ್ತದೆ. ಧೂಳು ಎದ್ದಿತು, ಟೋಪಿಗಳು ಹಾರಿದವು, ಬೆವರಿದ ಬೆನ್ನು ತಣ್ಣಗಾಯಿತು, ನಾಲ್ಕು ಹನಿಯೂ ಬಿತ್ತು. ಜನರೆಲ್ಲ ಕೈ ಮೇಲೆತ್ತಿ ಕೂಗಿದರು. ತಾಯಂದಿರು ಮಕ್ಕಳಿಗೆ ಅಂಗಿ ತೊಡಿಸತೊಡಗಿದರು.

ಊರಿಗೆಲ್ಲ ವರ್ನ್ ಒಬ್ಬನೇ ಆ ತಂಪು ಗಾಳಿಯನ್ನು ಬೈದವನು. "ಈಗಲೇ ಬರ್ಬೇಕಿತ್ತಾ ಇದು? ಅರ್ಧ ಗಂಟೆ ತಡೆದಿದ್ರೆ ಏನಾಗ್ತಿತ್ತು?"

ಬೀದಿಯ ಕೊನೆವರೆಗೂ ಮುಳ್ಳು ಮಧ್ಯ ದಾಟಲಿಲ್ಲ. ಒಬ್ಬರೂ ಫ್ಯಾನನ್ನು ಹೊಗಳಲಿಲ್ಲ. "ಪುಣ್ಯಕ್ಕೆ ಗಾಳಿ ಬಂತು" ಎಂದರು ಎಲ್ಲರೂ. ಗ್ಲೆನಿಸ್ ಬಂದು ವರ್ನನ ಕೈ ಕುಲುಕಿದಳು.

"ಚೆನ್ನಾಗಾಯ್ತು. ಆದ್ರೆ ಪ್ರತಿ ವರ್ಷ ಗಾಳಿನ ನಂಬ್ಕೊಂಡು ಕೂರೋಕಾಗಲ್ಲ, ಅಲ್ವಾ? ಪಿಕಪ್ ಅಂತ ಸಮಿತಿಯಲ್ಲಿ ತೀರ್ಮಾನ ಮಾಡ್ತೀವಿ."

"ಗಾಳಿ ಅಲ್ಲ, ಫ್ಯಾನು!" ಎಂದ ವರ್ನ್. "ವೈರು ಉಲ್ಟಾ ಇತ್ತು, ಸರಿ ಮಾಡ್ದೆ, ಕ್ಲ್ಯಾರಿ ಗಡ್ಡ ಕೇಳಿ ಬೇಕಾದ್ರೆ!"

ಅವಳು ಕ್ಲ್ಯಾರಿಯ ಗಡ್ಡವನ್ನು ನೋಡಿದಳು, ನಕ್ಕಳು, ಹೋದಳು.

ಮುಂದಿನದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಈಗ ತಾತ ಬರುವುದು ಪಿಕಪ್ಪಿನಲ್ಲೇ. ಕಾರು ವರ್ನನ ತಂಗಿಯ ಮಗಳ ಮನೆಯಲ್ಲಿದೆ, ಅಡಿಲೇಡಿನಲ್ಲಿ, ಬಟ್ಟೆ ಹೊದಿಸಿಕೊಂಡು. ವರ್ನ್ ಮುಂದೆ ಬಂದ ಚಳಿಗಾಲದಲ್ಲಿ ಅಲ್ಲೇ ತೀರಿಕೊಂಡ. ಇವೆಲ್ಲ ಊರಿಗೆ ಗೊತ್ತು. ಅದಕ್ಕೂ ಮೊದಲು, ಮೆರವಣಿಗೆಯ ಮರುತಿಂಗಳು, ಜನವರಿಯ ಒಂದು ಮಧ್ಯಾಹ್ನ ಮಾತ್ರ ನಾವಿಬ್ಬರೇ ಇದ್ದದ್ದು.

ಆ ವರ್ಷದ ಅತಿ ಕೆಟ್ಟ ಬಿಸಿಲಿನ ದಿನ. ಹೊರಗೆ ಬರಬೇಡಿ ಎಂದು ರೇಡಿಯೋದಲ್ಲಿ ಹೇಳುತ್ತಲೇ ಇದ್ದರು. ವರ್ನ್ ನನ್ನ ಬಾಗಿಲು ಬಡಿದ. ಇಸ್ತ್ರಿ ಮಾಡಿದ ಅಂಗಿ, ಟೋಪಿ.

"ಬಾ, ಹೋಗೋಣ. ಇವತ್ತು ಪರೀಕ್ಷೆ."

"ತಲೆ ಕೆಟ್ಟಿದ್ಯಾ ನಿಂಗೆ?"

"ಗ್ಲೆನಿಸ್‌ಗೆ ಫೋನ್ ಮಾಡಿದ್ದೆ. ನಾನು ಬರಲ್ಲ, ನೀವೂ ಮನೇಲೇ ಇರಿ ಅಂದ್ಲು. ಬರದಿದ್ರೆ ಬಿಡ್ಲಿ, ಅವಳ ಕಚೇರಿ ಕಿಟಕಿ ಬೀದಿಗೇ ಇದೆ. ಬಾ ನುಂಜಿಯಾ, ಮುಳ್ಳು ನೋಡೋಕೆ ಒಬ್ರು ಬೇಕು."

"ನಾಳೆ ನಾಡಿದ್ದು ನೋಡಿದ್ರಾಗಲ್ವಾ?"

"ಸೋಮವಾರ ತಂಗಿ ಮಗಳು ಬಂದು ಕರ್ಕೊಂಡು ಹೋಗ್ತಾಳೆ. ಎದೆ ಕೊಯ್ತಾರಂತೆ. ಆಮೇಲೆ ಓಡಿಸೋಕೆ ಬಿಡ್ತಾರೋ ಇಲ್ವೋ."

ಅದನ್ನು ಆವತ್ತಿನವರೆಗೂ ನನಗೆ ಹೇಳಿರಲಿಲ್ಲ. ಬೈಯಬೇಕೆಂದುಕೊಂಡವಳು ಟೋಪಿ ತೆಗೆದುಕೊಂಡು ಹೋಗಿ ಕೂತೆ.

ಬೀದಿಯಲ್ಲಿ ಒಂದು ನಾಯಿಯೂ ಇರಲಿಲ್ಲ. ಅಂಗಡಿಗಳೆಲ್ಲ ಬಾಗಿಲು ಹಾಕಿ ಒಳಗೆ ತಣ್ಣಗಿದ್ದವು. ಡಾಂಬರು ಮೆತ್ತಗಾಗಿ ಟೈರಿಗೆ ಅಂಟಿ ಬಿಡುವ ಶಬ್ದ ಕೇಳಿಸುತ್ತಿತ್ತು. ವರ್ನ್, ಮುಂದೆ ಬ್ಯಾಂಡಿನ ಮುದುಕರು ನಡೆಯುತ್ತಿದ್ದಾರೆ ಎಂಬಂತೆ, ನಿಂತು, ತೆವಳಿ, ಮತ್ತೆ ನಿಂತು ಓಡಿಸಿದ. ಹೀಟರ್ ಮುಟ್ಟಲಿಲ್ಲ.

"ಎಲ್ಲಿದೆ?"

"ಮಧ್ಯ."

ಅಂಚೆ ಕಚೇರಿಯ ಮುಂದೆ ಬೇಕೆಂದೇ ನಿಲ್ಲಿಸಿದ. ಫ್ಯಾನು ಕಿರುಚಿತು. ನನ್ನ ತುಟಿ ಒಡೆಯುತ್ತಿತ್ತು.

"ಈಗ?"

"ಮಧ್ಯ ಕಣೋ. ಅಲ್ಲಾಡಿಲ್ಲ. ನಾನು ಸಾಯೋಷ್ಟ್ರಲ್ಲಿ ಮುಂದೆ ಹೋಗು."

ಪುರಸಭೆ ಕಚೇರಿ ದಾಟಿ ರೈಲ್ವೆ ಗೇಟಿನವರೆಗೆ ಹೋದೆವು. ಬೀದಿ ಅಲ್ಲಿಗೆ ಮುಗಿಯುತ್ತದೆ. ಅವನು ನಿಲ್ಲಿಸಿ, ತಾನೇ ಬಗ್ಗಿ ಮುಳ್ಳು ನೋಡಿದ. ಗಾಜಿನ ಮೇಲೆ ಬೆರಳಿನಿಂದ ತಟ್ಟಿ ಮತ್ತೆ ನೋಡಿದ.

"ಗ್ಲೆನಿಸ್ ನೋಡಿದ್ಲಾ?"

ನನಗೆ ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ಬಿಸಿಲಿಗೆ ಪರದೆ ಎಳ್ಕೊಂಡು ಕೂತಿದಾಳೆ ವರ್ನ್."

ಅವನು ಸ್ಟಿಯರಿಂಗಿಗೆ ಅಂಗೈಯಿಂದ ಒಂದು ಏಟು ಕೊಟ್ಟ. ಮುಖ ಕೆಂಪಗೆ ಬೆಂದಿತ್ತು, ಬೆವರು ಗದ್ದದಿಂದ ತೊಟ್ಟಿಕ್ಕುತ್ತಿತ್ತು. ಕಾರನ್ನು ಹಿಂದಕ್ಕೆ ತಿರುಗಿಸಿ, ಬಂದ ದಾರಿಯಲ್ಲೇ ತೆವಳಿಸಿಕೊಂಡು ಹೋಗಿ ಪುರಸಭೆಯ ಮುಂದೆ, ಸರಿಯಾಗಿ ಆ ಕಿಟಕಿಯ ಎದುರಿಗೆ, ಸುಡು ಬಿಸಿಲಿನಲ್ಲಿ ನಿಲ್ಲಿಸಿದ.

"ನುಂಜಿಯಾ, ಇಳಿದು ಹೋಗಿ ಆ ಗಾಜು ತಟ್ಟು. ಅವಳು ಪರದೆ ತೆಗೆದು ನನ್ನ ನೋಡೋವರ್ಗೂ ತಟ್ತಾನೇ ಇರು. ನಾನು ಎಂಜಿನ್ ಆಫ್ ಮಾಡಲ್ಲ."